1.18ರ ಪೀಕ್

ಪಿಎಚ್.ಡಿ.ಯ ಎರಡನೇ ವರ್ಷ. ರಾತ್ರಿ ಒಂಬತ್ತೂವರೆ. ಎನ್‌ಎಂಆರ್ ಕೋಣೆಯಲ್ಲಿ ನಾನೊಬ್ಬಳೇ. ಬಲವಾದ ಆಯಸ್ಕಾಂತದೊಳಗಿಟ್ಟ ವಸ್ತುವಿನಲ್ಲಿ ಯಾವ ಅಣುಗಳಿವೆಯೆಂದು ತೋರಿಸುವ ಯಂತ್ರ ಅದು; ಪಿಪಿಎಂ ಅಳತೆಪಟ್ಟಿಯ ಮೇಲೆ ಏಳುವ ಪೀಕುಗಳ ಜಾಗ ನೋಡಿ ಅಣುವನ್ನು ಗುರುತಿಸುತ್ತೇವೆ. ಪರದೆಯ ಮೇಲೆ 1.18 ಪಿಪಿಎಂ ಹತ್ತಿರ ಚೂಪಾದ, ಮೂರು ಕವಲಿನ ಒಂದು ಪೀಕ್ ನಿಂತಿತ್ತು. ನಾಲ್ವರು ರೋಗಿಗಳ ಗೆಡ್ಡೆಯ ಚೂರುಗಳಲ್ಲೂ ಅದಿತ್ತು, ಅವರದೇ ಪಕ್ಕದ ಆರೋಗ್ಯವಾಗಿದ್ದ ಅಂಗಾಂಶದಲ್ಲಿ ಇರಲಿಲ್ಲ. ಹಾಸ್ಟೆಲಿಗೆ ಹೋಗಿ ಮಲಗಿದರೂ ನಿದ್ದೆ ಹತ್ತಲಿಲ್ಲ. ಬೆಳಗಾಗುವಷ್ಟರಲ್ಲಿ ಪ್ರಬಂಧದ ತಲೆಬರಹವನ್ನೂ ಯೋಚಿಸಿಟ್ಟಿದ್ದೆ.

ನನ್ನ ಕೆಲಸ ದೊಡ್ಡ ಕರುಳಿನ ಕ್ಯಾನ್ಸರ್ ಅಂಗಾಂಶದ ಮೇಲೆ. ಮೈನಸ್ 80 ಡಿಗ್ರಿ ಫ್ರೀಜರಿನಿಂದ ತೆಗೆದ ಅಂಗಾಂಶದಲ್ಲಿ ಹದಿನೈದು ಮಿಲಿಗ್ರಾಂನಷ್ಟು ಕತ್ತರಿಸಿ, 4 ಮಿಲಿಮೀಟರ್ ದಪ್ಪದ ಜಿರ್ಕೋನಿಯಾ ರೋಟರಿನೊಳಗೆ, ಅಂದರೆ ಗರಗರ ತಿರುಗುವ ಪುಟ್ಟ ಪಿಂಗಾಣಿ ಕೊಳವೆಯೊಳಗೆ, ಒಂದು ಹನಿ ಭಾರಜಲದೊಂದಿಗೆ ತುಂಬಬೇಕು. ಆಮೇಲೆ ಅದು 14.1 ಟೆಸ್ಲಾ ಆಯಸ್ಕಾಂತದೊಳಕ್ಕೆ ಇಳಿಯುತ್ತದೆ. ಭೂಮಿಯ ಕಾಂತಕ್ಷೇತ್ರಕ್ಕಿಂತ ಎರಡು ಲಕ್ಷ ಪಟ್ಟಿಗೂ ಹೆಚ್ಚು. ನೀರಿನಂಥ ದ್ರವದಲ್ಲಿ ಅಣುಗಳು ತಾವೇ ಉರುಳಾಡುವುದರಿಂದ ಪೀಕುಗಳು ಸಪೂರವಾಗಿ ಬರುತ್ತವೆ. ಅಂಗಾಂಶದಲ್ಲಿ ಅವಕ್ಕೆ ಅಷ್ಟು ಸಲೀಸಿಲ್ಲ, ಹಾಗಾಗಿ ಪೀಕುಗಳೆಲ್ಲ ಹರಡಿ ಕಲಸಿಹೋಗುತ್ತವೆ. ರೋಟರನ್ನು ಕ್ಷೇತ್ರಕ್ಕೆ 54.7 ಡಿಗ್ರಿ ಓರೆಯಾಗಿಟ್ಟು ಸೆಕೆಂಡಿಗೆ 5000 ಸುತ್ತು ತಿರುಗಿಸಿದರೆ ಆ ಮಸುಕು ಕಳೆಯುತ್ತದೆ. ಈ ಕೋನಕ್ಕೆ ಮ್ಯಾಜಿಕ್ ಆಂಗಲ್ ಅಂತಲೇ ಹೆಸರು. ವಿಜ್ಞಾನಿಗಳು ನಾಚಿಕೆಯಿಲ್ಲದೆ ಇಟ್ಟುಕೊಂಡ ಹೆಸರುಗಳಲ್ಲಿ ಇದೂ ಒಂದು. ಕತ್ತರಿಸಿದ ಮೇಲೂ ಕಿಣ್ವಗಳು ಸುಮ್ಮನಿರುವುದಿಲ್ಲವಾದ್ದರಿಂದ ಎಲ್ಲವೂ 4 ಡಿಗ್ರಿಯ ತಂಪಿನಲ್ಲೇ ನಡೆಯಬೇಕು.

ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದುಕೊಂಡೇ ಗೈಡ್ ಮೇಡಂ ಕೋಣೆಗೆ ನುಗ್ಗಿದೆ. 1.33ರಲ್ಲಿ ಲ್ಯಾಕ್ಟೇಟ್ ಎತ್ತರಕ್ಕೆ ನಿಂತಿತ್ತು, 3.2ರಲ್ಲಿ ಕೋಲೀನ್ ಗುಂಪು. ಗೆಡ್ಡೆಯಲ್ಲಿ ನಿರೀಕ್ಷಿಸುವಂಥವೇ. ನಾನು ಬೆರಳಿಟ್ಟು ತೋರಿಸಿದ ಕಡೆ ಅವರು ನೋಡಲೇ ಇಲ್ಲ.

"3.65 ದೊಡ್ಡದು ಮಾಡು."

ಮಾಡಿದೆ. ಸಕ್ಕರೆ, ಅಮೈನೋ ಆಮ್ಲಗಳೆಲ್ಲ ಒತ್ತಿಕೊಂಡು ಕೂರುವ ಜಾಗ ಅದು, ನಾನು ಗಮನಿಸಿರಲಿಲ್ಲ. ಆ ಸಂದಣಿಯ ನಡುವೆ ನಾಲ್ಕು ಕವಲಿನ ಇನ್ನೊಂದು ಪೀಕ್ ಅಡಗಿತ್ತು. ಕವಲುಗಳ ಅಂತರ ಎರಡರಲ್ಲೂ ಒಂದೇ, 7 ಹರ್ಟ್ಜ್.

"ಅಲ್ಲಿ ಮೂರು, ಇಲ್ಲಿ ನಾಲ್ಕು. ಒಂದೇ ಮನೆಯವರು" ಅಂದರು. ಸ್ವಲ್ಪ ತಡೆದು, "ಬ್ಲೇಡ್ ಯಾವುದರಲ್ಲಿ ಒರೆಸಿದೆಯಮ್ಮ?"

ಕಿವಿ ಬಿಸಿಯಾಯಿತು. ಆರೋಗ್ಯವಾದ ಅಂಗಾಂಶವನ್ನು ಹಿಂದಿನ ದಿನ ಕತ್ತರಿಸಿದ್ದೆ, ಪ್ರತಿ ಚೂರಿಗೂ ಪೊಟ್ಟಣದಿಂದ ಹೊಸ ಬ್ಲೇಡ್ ತೆಗೆದು. ಗೆಡ್ಡೆಯ ಸರದಿ ಬಂದಾಗ ಪೊಟ್ಟಣ ಖಾಲಿ. ಇದ್ದ ಒಂದೇ ಬ್ಲೇಡನ್ನು ಸ್ಪಿರಿಟ್ಟಿನಿಂದ ಒರೆಸಿ ಒರೆಸಿ ಬಳಸಿದ್ದೆ, ಒಬ್ಬರದು ಇನ್ನೊಬ್ಬರದಕ್ಕೆ ತಾಗಬಾರದೆಂದು. ಎಷ್ಟು ಜಾಗರೂಕಳು ನಾನು ಅಂತ ಹೆಮ್ಮೆ ಬೇರೆ! ಒಣಗಲು ಬಿಡುವ ತಾಳ್ಮೆ ಮಾತ್ರ ಇರಲಿಲ್ಲ.

ಅಂದರೆ ಎಥನಾಲ್, ಸ್ಪಿರಿಟ್ಟಿನಲ್ಲಿರುವ ಆಲ್ಕೋಹಾಲ್. ಆ ಮೂರೂ ಈ ನಾಲ್ಕೂ ಅದೊಂದೇ ಅಣುವಿನ ಎರಡು ಗುರುತುಗಳು. ಎನ್‌ಎಂಆರ್ ಪಾಠದ ಮೊದಲ ವಾರವೇ ಬರುವ ಅಣು. 1951ರಲ್ಲಿ ಆರ್ನಾಲ್ಡ್, ಧರ್ಮಟ್ಟಿ, ಪ್ಯಾಕಾರ್ಡ್ ಮೂವರೂ ಇದೇ ಎಥನಾಲಿನಲ್ಲಿ ಮೂರು ಬೇರೆ ಬೇರೆ ಪೀಕುಗಳನ್ನು ತೋರಿಸಿ, ಒಂದೇ ಅಣುವಿನ ಹೈಡ್ರೋಜನ್‌ಗಳು ತಾವಿರುವ ಜಾಗಕ್ಕೆ ತಕ್ಕಂತೆ ಬೇರೆ ಬೇರೆಯಾಗಿ ಕಾಣುತ್ತವೆಂದು ಬರೆದಿದ್ದರು. ಧರ್ಮಟ್ಟಿಯವರು ಆಮೇಲೆ ಭಾರತಕ್ಕೆ ಮರಳಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಎನ್‌ಎಂಆರ್ ಕೆಲಸ ಕಟ್ಟಿದವರು. ಅಷ್ಟು ಹಳೆಯ ಗುರುತನ್ನು ನಾನು ಹೊಸ ಕ್ಯಾನ್ಸರ್ ಸುಳಿವೆಂದು ರಾತ್ರಿಯಿಡೀ ಮುದ್ದಾಡಿದ್ದೆ.

ಮಧ್ಯಾಹ್ನ ಖಾತ್ರಿಗೆಂದು ಬರೀ ಭಾರಜಲ ತುಂಬಿದ ರೋಟರಿಗೆ ಒದ್ದೆ ಬ್ಲೇಡಿನ ತುದಿ ತಾಗಿಸಿ ಓಡಿಸಿದೆ. ಎರಡು ನಿಮಿಷದಲ್ಲಿ ಮೂರು, ನಾಲ್ಕು, ಎರಡೂ ಎದ್ದು ನಿಂತವು.

ಫ್ರೀಜರಿನಲ್ಲಿ ಇಬ್ಬರ ಗೆಡ್ಡೆ ಇನ್ನೂ ಉಳಿದಿತ್ತು. ಹೊಸ ಬ್ಲೇಡಿನಲ್ಲಿ ಕತ್ತರಿಸಿ ಮತ್ತೆ ಓಡಿಸಿದೆ, 1.18ರಲ್ಲಿ ಏನೂ ಇರಲಿಲ್ಲ. ಇನ್ನಿಬ್ಬರ ಟ್ಯೂಬುಗಳಲ್ಲಿ ಕೋಡ್ ಸಂಖ್ಯೆ ಬಿಟ್ಟರೆ ಏನೂ ಉಳಿದಿರಲಿಲ್ಲ. ನನ್ನ ಥೀಸಿಸ್ಸಿನ ಕೋಷ್ಟಕದಲ್ಲಿ ಆ ಎರಡು ಸಾಲುಗಳ ಪಕ್ಕ ಈಗಲೂ ಒಂದೊಂದು ನಕ್ಷತ್ರ ಚಿಹ್ನೆ ಇದೆ.