ಮಳೆಕೋಟು ಹಾಕಿಕೊಂಡು ನೈಲ್ ದಾಟಿದ ದಿನ

ಆ ಹಸಿರು ಮಳೆಕೋಟು ನೆನಪಾದಾಗಲೆಲ್ಲ ಈಗಲೂ ಹೊಟ್ಟೆಯಲ್ಲಿ ಹಿಂಡಿದಂತಾಗುತ್ತದೆ.

2016ರ ಮಳೆಗಾಲ. ದಕ್ಷಿಣ ಸುಡಾನಿನ ಮಲಕಾಲ್. ಒಂದು ನೆರವು ಸಂಸ್ಥೆಯಲ್ಲಿ ನಾನು ಲಾಗ್, ಅಂದರೆ ಸರಕು ಸಾಗಣೆ ನೋಡಿಕೊಳ್ಳುವವನು. ಗೋಡೌನ್, ಗಾಡಿ, ದೋಣಿ, ಡೀಸೆಲ್, ರೇಡಿಯೋ ಎಲ್ಲ ನನ್ನ ತಲೆ ಮೇಲೆ. ಬಿಳಿ ನೈಲ್ ನದಿಯ ಪೂರ್ವ ದಡ, ಅಂದರೆ ಮಲಕಾಲ್ ಊರು, ಸರ್ಕಾರಿ ಸೇನೆಯ ಕೈಯಲ್ಲಿತ್ತು. ಪಶ್ಚಿಮ ದಡದ ವಾವ್ ಶಿಲ್ಲುಕ್ ಅನ್ನುವ ಊರು ಬಂಡುಕೋರರ ಕೈಯಲ್ಲಿ. ಆ ಕಡೆ ನಮ್ಮದೊಂದು ಪುಟ್ಟ ಕ್ಲಿನಿಕ್. ಅಲ್ಲಿ ಪ್ಲಂಪಿನಟ್, ಅಂದರೆ ತೀರಾ ಸೊರಗಿದ ಮಕ್ಕಳಿಗೆ ಕೊಡುವ ಕಡಲೆಕಾಯಿ ಪೇಸ್ಟಿನ ಪ್ಯಾಕೆಟ್, ಮುಗಿಯುತ್ತಾ ಬಂದಿತ್ತು.

ಒಂದು ದೋಣಿ ದಾಟಿಸಲು ರಾಜಧಾನಿ ಜುಬಾದ ಪೇಪರ್ ಬೇಕು, ಮಲಕಾಲ್‌ನ ಪೇಪರ್ ಬೇಕು, ಆಚೆ ದಡದ ಕಮಾಂಡರ್ ಥುರಾಯ ಸ್ಯಾಟಲೈಟ್ ಫೋನಿನಲ್ಲಿ ಹೂಂ ಅನ್ನಬೇಕು. ಈ ಕಡೆಯವರ ಕಣ್ಣಿಗೆ ನಾವು ಬಂಡುಕೋರರಿಗೆ ಅನ್ನ ಹಾಕುವವರು. ಆ ಕಡೆಯವರ ಕಣ್ಣಿಗೆ ಗೂಢಚಾರರು. 18 ದಿನ ಕಾದ ಮೇಲೆ ಮೂರೂ ಒಪ್ಪಿಗೆ ಕೂಡಿಬಂದವು.

ಆವತ್ತು ಬೆಳಿಗ್ಗೆಯಿಂದಲೇ ಮಳೆ. ಅಲ್ಲಿಯದೂ ನಮ್ಮ ಗದಗದ ಕಡೆಯಂಥ ಎರೆಮಣ್ಣು. ನದಿಗೆ ಹೋಗುವ ದಾರಿಯಲ್ಲಿ ಲ್ಯಾಂಡ್ ಕ್ರೂಸರ್‌ನ ಗಾಲಿ ಅರ್ಧ ಹೂತುಹೋಯಿತು. 11 ಗಂಟೆಯೊಳಗೆ ದೋಣಿ ಬಿಡದಿದ್ದರೆ ಪೇಪರ್ ರದ್ದು. ಸಿಟ್ಟಿಗೆ ನನ್ನ ಬಾಯಿಂದ ಕನ್ನಡವೇ ಹೊರಬಿತ್ತು.

"ಯಾವೂರ್ರೀ ಸರ್ ನಿಮ್ದು?"

ತಿರುಗಿ ನೋಡಿದರೆ ನೀಲಿ ಹೆಲ್ಮೆಟ್ಟಿನ ಸೈನಿಕ. ಮಲಕಾಲ್‌ನ ವಿಶ್ವಸಂಸ್ಥೆ ಶಾಂತಿಪಡೆಯಲ್ಲಿ ಭಾರತದ ಬೆಟಾಲಿಯನ್ ಇತ್ತು. ಇವನು ಗೋಕಾಕದ ಕಡೆಯ ಹುಡುಗ. ಐದು ತಿಂಗಳಿಂದ ಎದುರೆದುರು ಕನ್ನಡ ಕೇಳಿರಲಿಲ್ಲ ನಾನು. ಅವರ ಟ್ರಕ್ಕು ನಮ್ಮ ಗಾಡಿಯನ್ನು ಎಳೆಯಿತು. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಗಾಡಿ ಮತ್ತೆ ಹೂಳುವ ಭಯಕ್ಕೆ ಪೆಟ್ಟಿಗೆಗಳನ್ನೆಲ್ಲ ಅವರ ಟ್ರಕ್ಕಿಗೇ ಹಾಕಿಸಿ, ನಾನೂ ಹತ್ತಿ ದಡಕ್ಕೆ ಹೋದೆ. ಇಳಿಯುವಾಗ ಆ ಹುಡುಗ ತನ್ನ ಮಳೆಕೋಟು ಬಿಚ್ಚಿ ಕೊಟ್ಟ. "ಹಾಕ್ಕೊಳ್ರಿ ಸರ್, ಜ್ವರ ಬಂದೀತು."

ಅಲ್ಲಿಯದೇ ಶಿಲ್ಲುಕ್ ಬುಡಕಟ್ಟಿನ ನಮ್ಮ ಸಹೋದ್ಯೋಗಿ ಆ ಕೋಟನ್ನು ಎರಡು ಸಲ ನೋಡಿದ. "ಬೇರೆ ಕೋಟು ಇಲ್ವಾ?" ಅಂದ. ಮಳೆ ಜೋರಾಗಿತ್ತು. ಇರಲಿ ಬಿಡು ಅಂದೆ. ದೋಣಿಯ ಮೇಲೆ ಆಳೆತ್ತರದ ಬಾವುಟ ಇತ್ತು. ಬಂದೂಕಿಗೆ ಅಡ್ಡಗೆರೆ ಎಳೆದ ಸ್ಟಿಕ್ಕರ್ ಎರಡೂ ಬದಿಗೆ ಇತ್ತು. ಇಷ್ಟು ಸಾಕು ಅಂದುಕೊಂಡಿದ್ದೆ.

ಆಚೆ ದಡದಲ್ಲಿ ಇಳಿಯಲು ಬಿಡಲಿಲ್ಲ. ಬಂದೂಕು ಹಿಡಿದ ಏಳೆಂಟು ಹುಡುಗರು. ಇಂಜಿನ್ ಆಫ್ ಮಾಡಿ ಅಂದರು. ನಲವತ್ತು ನಿಮಿಷ ನೀರಿನ ಮೇಲೇ ಕೂತೆವು. ಮಳೆ ನಿಂತು ಬಿಸಿಲು ಬಂತು. ಕೋಟಿನೊಳಗೆ ಬೆವರು ಇಳಿಯುತ್ತಿತ್ತು, ಬಿಚ್ಚಲು ಕೈ ಎತ್ತಲೂ ಧೈರ್ಯವಿಲ್ಲ. ಒಬ್ಬ ಹುಡುಗನ ಬೆರಳು ಟ್ರಿಗರ್ ಮೇಲೇ ಇತ್ತು. ನಾನು ಆ ಬೆರಳನ್ನೇ ನೋಡುತ್ತಿದ್ದೆ. ಉಗುರಿನ ತುಂಬ ಮಣ್ಣು.

ಕಮಾಂಡರ್ ಬಂದ. ನನ್ನ ಮುಖ ನೋಡಲಿಲ್ಲ, ಕೋಟು ನೋಡಿದ. ನಾನು ಯಾರ ಟ್ರಕ್ಕಿನಲ್ಲಿ ಬಂದೆ ಅನ್ನುವುದು ದೋಣಿಗಿಂತ ಮೊದಲೇ ಫೋನಿನಲ್ಲಿ ನದಿ ದಾಟಿತ್ತು. ಅವನು ಕೇಳಿದ್ದು ಒಂದೇ ಪ್ರಶ್ನೆ. "ಶಿಬಿರ ಉರಿಯುವಾಗ ನಿನ್ನ ಗೆಳೆಯರು ಎಲ್ಲಿದ್ದರು?"

ಅದೇ ವರ್ಷ ಫೆಬ್ರುವರಿ 17 ಮತ್ತು 18ರಂದು ಮನೆ ಬಿಟ್ಟು ಓಡಿಬಂದ ಜನರಿದ್ದ, ಶಾಂತಿಪಡೆಯ ಕಾವಲಿದ್ದ ಮಲಕಾಲ್ ಶಿಬಿರಕ್ಕೆ ಬಂದೂಕುಧಾರಿಗಳು ನುಗ್ಗಿದ್ದರು. ಕನಿಷ್ಠ 25 ಜನ ಸತ್ತರು. ಶಿಬಿರದ ದೊಡ್ಡ ಭಾಗ ಬೂದಿಯಾಯಿತು. ಶಾಂತಿಪಡೆ ತಡವಾಗಿ ಎಚ್ಚೆತ್ತಿತು ಅಂತ ಆಮೇಲೆ ವಿಶ್ವಸಂಸ್ಥೆಯ ತನಿಖೆಯೇ ಹೇಳಿತು. ಗೋಕಾಕದ ಹುಡುಗ ಆಗ ಅಲ್ಲಿ ಇರಲೇ ಇಲ್ಲ. ಆದರೆ ಅವನ ಕೋಟು ನನ್ನ ಮೈಮೇಲಿತ್ತು.

ಒಂದು ಪೆಟ್ಟಿಗೆಯನ್ನೂ ಇಳಿಸದೆ ವಾಪಸ್ ಬಂದೆವು.

ತರಬೇತಿಯಲ್ಲಿ ನನಗೆ ಅಫ್ಘಾನಿಸ್ತಾನದ ಉದಾಹರಣೆ ಹೇಳಿಕೊಟ್ಟಿದ್ದರು. ಅಲ್ಲಿ ವಿದೇಶಿ ಸೈನಿಕರು ಸಾದಾ ಬಟ್ಟೆ ಹಾಕಿ, ಬಿಳಿ ಗಾಡಿಗಳಲ್ಲಿ ಓಡಾಡಿ ನೆರವು ಹಂಚಿದ್ದರು. ಸೈನಿಕ ಯಾರು, ನೆರವಿನವರು ಯಾರು ಅಂತ ಜನಕ್ಕೆ ಗೊತ್ತಾಗದಂತಾಯಿತು. 2004ರ ಜೂನ್‌ನಲ್ಲಿ ಬಾದ್ಗೀಸ್‌ನಲ್ಲಿ ಗಡಿಯಿಲ್ಲದ ವೈದ್ಯರ ಸಂಸ್ಥೆ ಎಂಎಸ್ಎಫ್‌ನ ಐದು ಜನರನ್ನು ಕೊಂದರು. ಆ ಸಂಸ್ಥೆ ದೇಶವನ್ನೇ ಬಿಟ್ಟಿತು. ಇದೆಲ್ಲ ನನಗೆ ಬಾಯಿಪಾಠ. ನಾನು ಯಾರ ಪರವೂ ಇಲ್ಲ ಅಂತ ನನ್ನ ಮನಸ್ಸಿಗೆ ಗೊತ್ತಿತ್ತಲ್ಲ, ಅದಕ್ಕೇ ಮೈಮರೆತೆ. ದಡದಲ್ಲಿ ನಿಂತವನಿಗೆ ನನ್ನ ಮನಸ್ಸು ಹೇಗೆ ಕಾಣಬೇಕು?

ಇನ್ಸಿಡೆಂಟ್ ರಿಪೋರ್ಟ್ ಕಳಿಸಿದೆ. ಮುಖ್ಯ ಕಚೇರಿಯಿಂದ ನಾಲ್ಕು ಪುಟದ ಫಾರ್ಮ್ ಬಂತು. ಕೊನೆಯ ಸಲಹೆ: ಮುಂದಿನ ಸಲ ಸಶಸ್ತ್ರ ಬೆಂಗಾವಲು ಪರಿಶೀಲಿಸಿ. ಓದಿ ನನಗೆ ಅಳುವೇ ಬಂತು. ಯಾವುದರಿಂದ ಬಾಗಿಲು ಮುಚ್ಚಿತೋ ಅದನ್ನೇ ಬೀಗದ ಕೈ ಅಂತ ಕೊಡುತ್ತಿದ್ದಾರೆ. ವಿಮೆಯವರಿಗೆ, ದಾನಿಗಳಿಗೆ ಉತ್ತರ ಕೊಡುವ ಕಷ್ಟ ಅವರಿಗೂ ಇದೆ. ಆದರೆ ನದಿ ದಾಟುವವರು ಅವರಲ್ಲ.

ಮತ್ತೆ ದೋಣಿ ಬಿಡಲು 11 ದಿನ ಹಿಡಿಯಿತು. ದಾರಿ ತೆರೆಸಿದ್ದು ನಮ್ಮ ಶಿಲ್ಲುಕ್ ಸಹೋದ್ಯೋಗಿ. ಒಬ್ಬನೇ ಹೋಗಿ, ಎರಡು ರಾತ್ರಿ ಅಲ್ಲೇ ಇದ್ದು, ಹಿರಿಯರ ಜೊತೆ ಕೂತು ಮಾತಾಡಿದ. ಅವನನ್ನು ವಿಚಾರಣೆಯನ್ನೂ ಮಾಡಿದರು. ನಾನು ತಪ್ಪು ಮಾಡಿದರೆ ನನ್ನನ್ನು ವಿಮಾನ ಹತ್ತಿಸುತ್ತಾರೆ. ಅವನ ಮನೆ ಅಲ್ಲೇ ಇದೆ.

ಆ ದಿನಗಳಲ್ಲಿ ಕ್ಲಿನಿಕ್‌ನ ನರ್ಸ್ ಸಂಜೆ ರೇಡಿಯೋದಲ್ಲಿ ಲೆಕ್ಕ ಓದುತ್ತಿದ್ದಳು. ಅಪೌಷ್ಟಿಕತೆ ಅಳೆಯುವ ತೋಳಿನ ಪಟ್ಟಿ ಕೆಂಪು ತೋರಿಸಿದ, ಅಂದರೆ 11.5 ಸೆಂಟಿಮೀಟರಿಗಿಂತ ಸಣ್ಣ ತೋಳಿನ ಮಕ್ಕಳು ಇಷ್ಟು. ಉಳಿದ ಪ್ಯಾಕೆಟ್ ಇಷ್ಟು. ಆರನೇ ದಿನದಿಂದ ಮಕ್ಕಳಿಗೆ ಕೊಡುವುದನ್ನು ಅರ್ಧಕ್ಕೆ ಇಳಿಸಿದಳು. ನಾನು ಸುಮ್ನೆ ಬರೆದುಕೊಳ್ಳುತ್ತಿದ್ದೆ.

ಮಳೆಕೋಟು ಒಗೆದು, ಮಡಚಿ, ಶಾಂತಿಪಡೆಯ ಬೇಸ್‌ನೊಳಗೇ ಆ ಹುಡುಗನನ್ನು ಹುಡುಕಿ ಕೊಟ್ಟೆ. ನಡೆದದ್ದು ಹೇಳಿದೆ. "ನನ್ನಿಂದ ತಪ್ಪಾತೇನ್ರೀ ಸರ್?" ಅಂದ. ಇಲ್ಲಪ್ಪಾ, ನನ್ನಿಂದ ಅಂದೆ.

ಆಮೇಲೆ ನದಿ ದಾರಿಯಲ್ಲಿ ಅವರ ಗಸ್ತಿನ ಗಾಡಿ ಎಷ್ಟೋ ಸಲ ಎದುರಾಯಿತು. ನಾನು ಕೈ ಎತ್ತಲಿಲ್ಲ. ಅವನೂ ಎತ್ತುತ್ತಿರಲಿಲ್ಲ.