ಕಾರ್ಡ್ ಇಲ್ಲದ ಡಬ್ಬ

ಅಕ್ಕನ ಮಗಳ ಡಾನ್ಸ್ ಇದ್ದದ್ದು ನಾಲ್ಕೇ ನಿಮಿಷ. ಅದನ್ನು ಎಡಿಟ್ ಮಾಡಲು ಕೂತು ಮೂರು ರಾತ್ರಿ ಕಳೆದಿತ್ತು. ಪ್ಲೇ ಒತ್ತಿದರೆ ಹಾಡು ಮುಂದೆ ಓಡುತ್ತಿತ್ತು, ಹುಡುಗಿ ಮಾತ್ರ ಒಂದು ಕೈ ಮೇಲೆತ್ತಿ ಹಾಗೇ ನಿಂತಿರುತ್ತಿದ್ದಳು. ಪ್ರಿವ್ಯೂ ಗುಣಮಟ್ಟವನ್ನು ಕಾಲು ಭಾಗಕ್ಕೆ ಇಳಿಸಿದರೂ ಅಷ್ಟೇ. ಸಾಕಾಗಿ, ಹೊಸ ಡೆಸ್ಕ್‌ಟಾಪ್ ತಗೊಳ್ಳೋಣ ಅಂದುಕೊಂಡೆ.

ಕೈಯಲ್ಲಿ ದುಡ್ಡು ಜಾಸ್ತಿ ಇರಲಿಲ್ಲ. ಆದರೂ ಪಟ್ಟಿಯಲ್ಲಿ ಮೊದಲು ಬರೆದದ್ದು ಗ್ರಾಫಿಕ್ಸ್ ಕಾರ್ಡ್. ವಿಡಿಯೋ ಅಂದಮೇಲೆ ದೊಡ್ಡ ಕಾರ್ಡ್ ಬೇಕೇ ಬೇಕು ಅಲ್ವಾ? ಅರ್ಧ ಹಣ ಅದಕ್ಕೇ ಹೋಯಿತು. ಉಳಿದದ್ದರಲ್ಲಿ 8 ಜಿಬಿ ರ‍್ಯಾಮ್, ಸಿಕ್ಕ ಪ್ರೊಸೆಸರ್. ಪಟ್ಟಿಯನ್ನು ಗೆಳೆಯನಿಗೆ ಕಳಿಸಿದೆ.

"ಲೋ, ಮೊದಲು ಟಾಸ್ಕ್ ಮ್ಯಾನೇಜರ್ ತೆಗೆದಿಟ್ಟುಕೊಂಡು ಅದೇ ವಿಡಿಯೋ ಓಡಿಸು. ಎಲ್ಲಿ ಸಿಕ್ಕಿಹಾಕ್ಕೊಳ್ತಿದೆ ನೋಡು" ಅಂದ.

ನೋಡಿದೆ. ಹಳೇ ಕಂಪ್ಯೂಟರಿನ ಪ್ರೊಸೆಸರ್ ಶೇಕಡಾ 100ರಲ್ಲೇ ಅಂಟಿಕೊಂಡಿತ್ತು. 8 ಜಿಬಿ ರ‍್ಯಾಮಿನಲ್ಲಿ ಅರ್ಧ ಜಿಬಿಯೂ ಖಾಲಿ ಇಲ್ಲ. ಜಾಗ ಸಾಲದೆ ಹಾರ್ಡ್ ಡಿಸ್ಕ್ ಕರಕರ ಅನ್ನುತ್ತಿತ್ತು.

ವಿಷಯ ಇದ್ದದ್ದು ನನ್ನ ಕ್ಯಾಮೆರಾದ ಫೈಲಿನಲ್ಲಿ. ಅದು ವಿಡಿಯೋವನ್ನು ಎಚ್.265 ಅನ್ನುವ ವಿಧಾನದಲ್ಲಿ ಕುಗ್ಗಿಸಿ, 10 ಬಿಟ್ 4:2:2ರಲ್ಲಿ, ಅಂದರೆ ಬಣ್ಣದ ವಿವರ ಮಾಮೂಲಿಗಿಂತ ಜಾಸ್ತಿ ಇಟ್ಟು ಬರೆಯುತ್ತದೆ. ಈ ಥರದ ಫೈಲಿನಲ್ಲಿ ಎಲ್ಲ ಫ್ರೇಮೂ ಪೂರ್ತಿಯಾಗಿ ಇರುವುದಿಲ್ಲ. ಅಕ್ಕಪಕ್ಕದ ಫ್ರೇಮಿಗಿಂತ ಏನು ಬದಲಾಯಿತೋ ಅದನ್ನಷ್ಟೇ ಇಟ್ಟಿರುತ್ತದೆ. ನಾನು ಮಧ್ಯದಲ್ಲೆಲ್ಲೋ ಕ್ಲಿಕ್ ಮಾಡಿದರೆ ಕಂಪ್ಯೂಟರ್ ಹಿಂದಿನಿಂದ ಲೆಕ್ಕ ಹಾಕಿಕೊಂಡು ಬರಬೇಕು. ಇದಕ್ಕೆಂದೇ ಬೇರೆ ಸರ್ಕ್ಯೂಟ್ ಇದ್ದರೆ ಕೆಲಸ ಹಗುರ. ಇಂಟೆಲ್ ಪ್ರೊಸೆಸರುಗಳ ಒಳಗಿನ ಗ್ರಾಫಿಕ್ಸ್‌ನಲ್ಲಿ ಅದು ಇದೆ, ಹೆಸರು ಕ್ವಿಕ್ ಸಿಂಕ್. 11ನೇ ತಲೆಮಾರಿನಿಂದ ಈಚೆಗೆ ಅದಕ್ಕೆ 4:2:2 ಎಚ್.265 ಕೂಡ ಓದಲು ಬರುತ್ತದೆ. ಎನ್ವಿಡಿಯಾ ಕಾರ್ಡುಗಳಿಗೆ ಅದು ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ನಾನು ಪಟ್ಟಿಗೆ ಹಾಕಿದ್ದ ಕಾರ್ಡ್ ಅದಕ್ಕಿಂತ ಹಳೇದು. ಫೈಲ್ ಓದುವ ಹೊತ್ತಿಗೆ ಸುಮ್ನೆ ಕೂತಿರುತ್ತಿತ್ತು!

ಹಾಗಂತ ಕಾರ್ಡ್ ದಂಡ ಅಂತಲ್ಲ. ಬಣ್ಣ ತಿದ್ದುವುದು, ಎಫೆಕ್ಟ್ ಹಾಕುವುದು ಜಾಸ್ತಿ ಇದ್ದರೆ ಬೇಕು. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಅಂತೂ ಅದರ ಮೇಲೇ ನಿಂತಿದೆ. ನನ್ನದು ಕತ್ತರಿಸಿ ಜೋಡಿಸಿ ಹೆಸರು ಹಾಕುವ ಕೆಲಸ. (ಪ್ರಾಕ್ಸಿ, ಅಂದರೆ ಎಡಿಟ್ ಮಾಡಲೆಂದೇ ವಿಡಿಯೋದ ಹಗುರ ನಕಲು, ಮಾಡಿಕೊಂಡಿದ್ದರೆ ಹಳೇ ಕಂಪ್ಯೂಟರಲ್ಲೂ ಹೇಗೋ ನಡೆಯುತ್ತಿತ್ತು, ನಿಜ. ಆದರೆ ಹೊಸದು ತಗೊಳ್ಳುವ ಆಸೆ ಆಗಲೇ ಹತ್ತಿಬಿಟ್ಟಿತ್ತು.)

ಪಟ್ಟಿ ತಲೆಕೆಳಗಾಯಿತು. ಕಾರ್ಡ್ ಹೋಯಿತು, ಒಳ್ಳೇ ಪ್ರೊಸೆಸರ್ ಬಂತು. ಅದರಲ್ಲೂ ಒಮ್ಮೆ ಎಡವುತ್ತಿದ್ದೆ. ಅದೇ ಮಾಡೆಲ್, ಕೊನೆಯಲ್ಲಿ ಎಫ್ ಅಂತ ಇರುವುದು ಕಡಿಮೆ ಬೆಲೆಗೆ ಕಂಡಿತು. ಆರ್ಡರ್ ಮಾಡುವ ಮೊದಲು ಯಾಕೆ ಕಡಿಮೆ ಅಂತ ಹುಡುಕಿದೆ. ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ನನಗೆ ಬೇಕಾದದ್ದೇ ಆ ಒಳಗಿನ ಗ್ರಾಫಿಕ್ಸ್! ಎಫ್ ಬಿಟ್ಟೆ.

ರ‍್ಯಾಮ್ 16 ಜಿಬಿಯವು ಎರಡು, ಜೋಡಿಯಾಗಿ. ಕೆಲಸಕ್ಕೆ 1 ಟಿಬಿ ಎನ್‌ವಿಎಂಇ, ಅಂದರೆ ವೇಗದ ಎಸ್‌ಎಸ್‌ಡಿ; ಮುಗಿದದ್ದನ್ನು ತುಂಬಿಡಲು ಹಳೇ ಹಾರ್ಡ್ ಡಿಸ್ಕೇ ಸಾಕು. ಪವರ್ ಸಪ್ಲೈಯಲ್ಲಿ ಮಾತ್ರ ಜಿಪುಣತನ ಮಾಡಲಿಲ್ಲ, 550 ವ್ಯಾಟಿನದು ತಗೊಂಡೆ. ಮುಂದೆಂದಾದರೂ ಕಾರ್ಡ್ ಹಾಕಬಹುದು.

ಎಲ್ಲ ಜೋಡಿಸಿ ಸ್ವಿಚ್ ಒತ್ತುವ ಮೊದಲು ಮಾನಿಟರ್ ವೈರ್ ಕೈಗೆತ್ತಿಕೊಂಡೆ. ನೀಲಿ ತುದಿ, ಎರಡು ಕಡೆ ತಿರುಪು. ಹಳೇ ಕಾಲದ ವಿಜಿಎ! ಹೊಸ ಬೋರ್ಡಿನಲ್ಲಿದ್ದದ್ದು ಎಚ್‌ಡಿಎಂಐ ಮತ್ತು ಡಿಸ್‌ಪ್ಲೇ ಪೋರ್ಟ್. ಪೈಸೆ ಪೈಸೆ ಲೆಕ್ಕ ಹಾಕಿದವನಿಗೆ ಇದು ಹೊಳೆದಿರಲಿಲ್ಲ. ಆ ರಾತ್ರಿ ಫ್ಯಾನ್ ತಿರುಗುವ ಸದ್ದು ಕೇಳಿಕೊಂಡು ಮಲಗಿದೆ. ಕನ್ವರ್ಟರ್ ಬರಲು ಎರಡು ದಿನ ಹಿಡಿಯಿತು.

ಬಂದ ಕೂಡಲೇ ಡಾನ್ಸ್ ಹಾಕಿದೆ. ಪೂರ್ತಿ ಗುಣಮಟ್ಟದಲ್ಲಿ. ಎತ್ತಿದ ಕೈ ಹಾಡಿನ ಜೊತೆಗೇ ಕೆಳಗಿಳಿಯಿತು. ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ, ಎರಡನೇ ನಿಮಿಷದಿಂದ ನನ್ನ ಫೋಕಸ್ ಹುಡುಗಿಯ ಮೇಲಲ್ಲ, ಹಿಂದಿನ ಪರದೆಯ ಮೇಲಿತ್ತು ಅನ್ನುವುದೂ ಗೊತ್ತಾಯಿತು.