ನಿನ್ನೆಯ ಟ್ರೇ

ಕಾರ್ಕಳದ ಹತ್ತಿರ ಒಂದು ಗೇರುಬೀಜ ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್. ಹೋದ ವರ್ಷ ಜುಲೈಯಲ್ಲಿ, ಜೋರು ಮಳೆಯ ದಿನ, ಸಿಪ್ಪೆ ಬಿಡಿಸುವ ಹಾಲ್‌ನಲ್ಲಿ ಒಬ್ಬ ಅಕ್ಕ ನನ್ನನ್ನು ಕರೆದು ಅಂಗೈ ಚಾಚಿದರು. ಐದಾರು ಬೀಜ. ಕೆಂಪು ಸಿಪ್ಪೆ ಬಿಡದೆ ಕೂತಿತ್ತು. ಒಂದನ್ನು ಪುಟ್ಟ ಚೂರಿಯಲ್ಲಿ ಕೆರೆದರು, ಬೀಜ ಎರಡು ಹೋಳಾಯಿತು. “ಇದು ನಿನ್ನೆಯ ಟ್ರೇ ಸರ್” ಎಂದರು. ಅವರಿಗೆ ಕೂಲಿ ಕಿಲೋ ಲೆಕ್ಕದಲ್ಲಿ. ಸಿಪ್ಪೆ ಅಂಟಿದರೆ ಅವರ ದಿನದ ಸಂಪಾದನೆಯೇ ಕಡಿಮೆ.

ಬೋರ್ಮಾದಲ್ಲಿ, ಅಂದರೆ ಬೀಜ ಒಣಗಿಸುವ ಬಿಸಿಗೂಡಿನಲ್ಲಿ, ಒಣಗಿದ ಬೀಜ ಗರಿಗರಿಯಾಗಿರುತ್ತದೆ. ತಣಿದು ಒಂದಿಷ್ಟು ತೇವ ಹಿಡಿದರೆ ಮುರಿಯದೆ ಸಿಪ್ಪೆ ಬಿಡುತ್ತದೆ. ನಮ್ಮ ಮಳೆಗಾಲದಲ್ಲಿ ರಾತ್ರಿಯಿಡೀ ಇಟ್ಟರೆ ತೇವ ಜಾಸ್ತಿಯಾಗಿ ಸಿಪ್ಪೆ ಮತ್ತೆ ಅಂಟುತ್ತದೆ. ಆಗ ಪುನಃ ಬೋರ್ಮಾಕ್ಕೆ ಹಾಕುತ್ತಿದ್ದೆವು. ಪುನಃ ಬೆಂಕಿ, ಪುನಃ ತುಂಡು. 320ರ ಗ್ರೇಡ್ ಅಂದರೆ 454 ಗ್ರಾಂಗೆ 300ರಿಂದ 320 ಇಡೀ ಬೀಜ. ಹೋಳಾದದ್ದಕ್ಕೆ ಆ ರೇಟು ಎಲ್ಲಿ ಸಿಗುತ್ತದೆ?

ಜಪಾನಿನ ಟೊಯೋಟಾ ಕಾರು ಕಂಪನಿಯ ಎಂಜಿನಿಯರ್ ತೈಚಿ ಓನೊ ಕಾರ್ಖಾನೆಯಲ್ಲಾಗುವ ಏಳು ಬಗೆಯ ಪೋಲುಗಳನ್ನು ಪಟ್ಟಿ ಮಾಡಿದ್ದರು. ಬೇಕಾದ್ದಕ್ಕಿಂತ ಹೆಚ್ಚು, ಬೇಕಾಗುವ ಮೊದಲೇ ತಯಾರಿಸುವುದು ಎಲ್ಲಕ್ಕಿಂತ ಕೆಟ್ಟದ್ದು ಎಂಬುದು ಅವರ ಮಾತು. ತರಬೇತಿಯಲ್ಲಿ ಕೇಳಿ ಬರೆದುಕೊಂಡಿದ್ದೆ. ಅರ್ಥವಾದದ್ದು ಆ ಅಂಗೈ ನೋಡಿದಾಗ. ಹಾಲ್‌ಗೆ ಬೇಕಾದ್ದಕ್ಕಿಂತ ಹೆಚ್ಚು ಒಣಗಿಸಿ ಇಟ್ಟದ್ದೇ ನಿನ್ನೆಯ ಟ್ರೇ.

ಮಾಡಿದ್ದು ಇಷ್ಟೆ. ಹಾಲ್‌ನ ಬಾಗಿಲಲ್ಲಿ ನೆಲಕ್ಕೆ ಹಳದಿ ಗೆರೆ ಎಳೆದೆವು. ಗೆರೆಯೊಳಗೆ ಹಿಡಿಯುವಷ್ಟೇ ಟ್ರೇ. ಅಲ್ಲಿಂದ ಖಾಲಿ ಟ್ರೇ ವಾಪಸ್ ಬಂದರೆ ಮಾತ್ರ ಬೋರ್ಮಾಕ್ಕೆ ಹೊಸ ಬೀಜ. “ಬೋರ್ಮಾ ಸುಮ್ನೆ ನಿಂತರೆ ನಷ್ಟ ಅಲ್ವಾ?” ಎಂದು ಧಣಿಗಳು ಕೇಳಿದರು. ಎರಡನೇ ಸಲ ಒಣಗಿಸಲು ಎಷ್ಟು ಗೋಣಿ ಗೇರುಚಿಪ್ಪು ಸುಡುತ್ತಿದ್ದೇವೆ ಎಂದು ಅವರೆದುರೇ ಎಣಿಸಿ ತೋರಿಸಿದೆ. ಈಗ ಆ ಚಿಪ್ಪು ಎಣ್ಣೆ ಮಿಲ್ಲಿಗೆ ಹೋಗುತ್ತದೆ. ಅದರ ಎಣ್ಣೆ ಪೇಂಟಿಗೆ, ಬ್ರೇಕ್ ಲೈನಿಂಗಿಗೆ ಬೇಕು. ಹೊಗೆಯೂ ಅಷ್ಟು ಕಡಿಮೆ.

ಕಷ್ಟವಾದದ್ದು ಬೋರ್ಮಾಕ್ಕೆ ಮೊದಲು ಚಿಪ್ಪು ಒಡೆಯುವ ಕಟಿಂಗ್ ವಿಭಾಗದಲ್ಲಿ. ಅವರಿಗೂ ಕಿಲೋ ಲೆಕ್ಕ. ಬೋರ್ಮಾ ನಿಂತಾಗ ಅವರನ್ನೂ ನಿಲ್ಲಿಸಿದರೆ ಅವರ ಹೊಟ್ಟೆಗೆ ಹೊಡೆದಂತೆ. ಇದನ್ನು ನಾನು ಒಪ್ಪಲಿಲ್ಲ. ಅಂಥ ಹೊತ್ತಿನಲ್ಲಿ ಅವರನ್ನು ಗ್ರೇಡಿಂಗಿಗೆ ಕೂರಿಸಿ, ಗಂಟೆ ಲೆಕ್ಕದಲ್ಲಿ ಕೂಲಿ ಕೊಡಬೇಕೆಂದು ಹಠ ಹಿಡಿದೆ. ಮೂರು ವಾರ ಮಾತುಕತೆ ನಡೆದು ಧಣಿಗಳು ಒಪ್ಪಿದರು. ಹಳದಿ ಗೆರೆ ಎಳೆದದ್ದು ಅದಾದ ಮೇಲೆಯೇ.